ಮೂರು ವರ್ಷ ಹೋದ ಜಿಮ್: ಮಷೀನು ಚಲೋ, ಒರೆಸುವ ಬಟ್ಟೆ ಒಂದೇ

ಹುಬ್ಬಳ್ಳಿಯ ಈ ಜಿಮ್ಮಿಗೆ ನಾನು ಸೇರಿ ಬರುವ ಮೇ ಕೊನೆಗೆ ಮೂರು ವರ್ಷ ತುಂಬುತ್ತದೆ. ನಡುವೆ ಎರಡು ತಿಂಗಳು ಬಿಟ್ಟಿದ್ದೆ. ಯಾಕೆ ಬಿಟ್ಟೆ ಎಂಬುದೇ ಇಲ್ಲಿ ಹೇಳಬೇಕಾದ ಮುಖ್ಯ ಮಾತು. ಜಿಮ್ಮಿನ ಹೆಸರು ಬರೆಯುವುದಿಲ್ಲ. ಅವರ ಹೊಟ್ಟೆಯ ಮೇಲೆ ಹೊಡೆಯುವುದು ನನಗೆ ಬೇಕಿಲ್ಲ. ನೀವು ಹೋಗುವ ಜಿಮ್ಮನ್ನು ಒಮ್ಮೆ ಕಣ್ಣು ಬಿಟ್ಟು ನೋಡಿ ಎಂದು ಹೇಳಬೇಕಾಗಿದೆ, ಅಷ್ಟೇ.

ಮೊದಲು ಚಲೋ ಇರುವುದನ್ನು ಹೇಳಿಬಿಡುತ್ತೇನೆ. ಸೇರುವಾಗ ನನಗೆ ನಲವತ್ತೊಂದು. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದೆ, ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿ (HbA1c) 6.3 ಬಂದಿತ್ತು. ಈಗ 5.6ಕ್ಕೆ ಇಳಿದಿದೆ. ಮೆಟ್ಟಿಲು ಇಳಿಯುವಾಗ ಹಿಡಿದುಕೊಳ್ಳುತ್ತಿದ್ದ ಮೊಣಕಾಲು ಈಗ ಕಾಟ ಕೊಡುವುದಿಲ್ಲ. ಟ್ರೇನರ್ ಹುಡುಗಿ ಅವಸರದವಳಲ್ಲ, ಮೊದಲ ತಿಂಗಳು ಬರೀ ಕುರ್ಚಿಯ ಮೇಲೆ ಕೂತು ಏಳುವುದನ್ನೇ ಮಾಡಿಸಿದಳು. ಮಷೀನುಗಳಿಗೆ ಎಣ್ಣೆ, ಸರ್ವಿಸು ಎಲ್ಲ ಹೊತ್ತಿಗೆ ಸರಿಯಾಗಿ ಆಗುತ್ತದೆ. ವರ್ಷಕ್ಕೆ 9,000 ರೂಪಾಯಿ. ಈ ಆರೈಕೆಗೆ ಅದು ಹೆಚ್ಚಲ್ಲ.

ತೊಂದರೆ ಇರುವುದು ಒರೆಸುವುದರಲ್ಲಿ.

ಹೆಣ್ಣುಮಕ್ಕಳ ಬ್ಯಾಚು ಹತ್ತೂವರೆಗೆ. ಅಷ್ಟರಲ್ಲಿ ಬೆಳಗಿನ ಐದರಿಂದ ಗಂಡಸರ ಬ್ಯಾಚುಗಳು ಮುಗಿದಿರುತ್ತವೆ. ನಾವು ಒಳಗೆ ಕಾಲಿಡುವಾಗ ಕೆಲಸದ ಕಾಕು ಒಂದು ಬಕೆಟ್ಟು, ಒಂದು ಬಟ್ಟೆ ಹಿಡಿದು ಬೆಂಚು ಒರೆಸುತ್ತಿರುತ್ತಿದ್ದರು. ಬಕೆಟ್ಟಿಗೆ ನಾಲ್ಕು ಹನಿ ಸುವಾಸನೆಯ ಫಿನೈಲು. ಬೆಂಚಿಗೆ ಅದೇ ಬಟ್ಟೆ, ಮ್ಯಾಟಿಗೆ ಅದೇ, ಡಂಬೆಲ್ಲಿನ ಹಿಡಿಕೆಗೂ ಅದೇ. ಕೊನೆಯ ಬೆಂಚಿಗೆ ಬರುವ ಹೊತ್ತಿಗೆ ಬಕೆಟ್ಟಿನ ನೀರು ಚಹಾದ ಬಣ್ಣಕ್ಕೆ ತಿರುಗಿರುತ್ತಿತ್ತು. ಕಾಕು ಅವರನ್ನು ಅನ್ನುವುದು ಅನ್ಯಾಯ. ಆ ಓಣಿಗೆ ನಳ ಬರುವುದು ವಾರಕ್ಕೊಮ್ಮೆ, ಬೇಸಿಗೆಯಲ್ಲಿ ಟ್ಯಾಂಕರ್ ತರಿಸುತ್ತಾರೆ. "ನೀರು ನೋಡಿ ಖರ್ಚ್ ಮಾಡ್ರಿ" ಎಂದು ಅವರಿಗೆ ಮೇಲಿನಿಂದಲೇ ಹೇಳಿಟ್ಟಿದ್ದರು. ಆದರೆ ಒಬ್ಬರ ಬೆವರನ್ನು ಹನ್ನೆರಡು ಬೆಂಚಿಗೆ ಹಚ್ಚುವುದಕ್ಕಿಂತ ಒರೆಸದೆ ಬಿಡುವುದೇ ಮೇಲಿತ್ತು ಎಂದು ನನಗೆ ಈಗ ಅನ್ನಿಸುತ್ತದೆ.

ಗೋಡೆ ಬದಿಯ ಬೆಂಚಿನ ರೆಕ್ಸಿನ್ನು ತಲೆ ಇಡುವ ಕಡೆ ಹರಿದಿತ್ತು. ಮೇಲೆ ಕಂದು ಬಣ್ಣದ ಟೇಪು ಹಚ್ಚಿದ್ದರು. ಟೇಪಿನ ಅಂಚು ಎದ್ದು ಅದಕ್ಕೆ ಕೂದಲು ಅಂಟಿಕೊಂಡಿದ್ದವು. ಒಂದು ದಿನ ಅಲ್ಲಿ ಬೆರಳಿಟ್ಟು ಒತ್ತಿದೆ. ಒಳಗಿನ ಸ್ಪಂಜಿನಿಂದ ತಣ್ಣನೆಯ ನೀರು ಜಿನುಗಿ ಉಗುರಿನ ಸುತ್ತ ನಿಂತಿತು. ಮೂಸಿದರೆ ಹಳೆಯ ಬೆವರಿನ ಹುಳಿವಾಸನೆ. ಮೇಲೆ ಎಂಥ ಔಷಧಿ ಹೊಡೆದರೂ ಆ ಸ್ಪಂಜಿನ ಒಳಕ್ಕೆ ಇಳಿಯುವುದಿಲ್ಲ. ಹರಿದ ಗಾದಿಯನ್ನು ಹೊಸದಾಗಿ ಹೊಲಿಸಬೇಕು, ಬೇರೆ ದಾರಿ ಇಲ್ಲ.

ಕಳೆದ ಜುಲೈ. ಜಿಟಿಜಿಟಿ ಮಳೆ ಹಿಡಿದು ವಾರವಾಗಿತ್ತು, ಮನೆಯಲ್ಲಿ ಬಟ್ಟೆ ಒಣಗುತ್ತಿರಲಿಲ್ಲ. ಸೊಂಟದ ಬಳಿ, ಇಲಾಸ್ಟಿಕ್ಕು ಕೂರುವ ಜಾಗದಲ್ಲಿ, ರೂಪಾಯಿಯಗಲ ಒಂದು ಕೆಂಪು ಉಂಗುರ ಎದ್ದಿತು. ಅಂಚು ಉಬ್ಬಿ ಹೊಟ್ಟು ಏಳುತ್ತಿತ್ತು, ನಡುವೆ ಚರ್ಮ ತಿಳಿಯಾಗಿತ್ತು. ರಾತ್ರಿ ನಿದ್ದೆ ಕೆಡಿಸುವಷ್ಟು ತುರಿಕೆ. ನಮ್ಮ ಕಡೆ ಇದಕ್ಕೆ ಗಜಕರ್ಣ ಅನ್ನುತ್ತೇವೆ, ಕೆಲವರು ಹುಳುಕಡ್ಡಿ ಅನ್ನುತ್ತಾರೆ. ಹುಳ ಯಾವುದೂ ಇರುವುದಿಲ್ಲ, ಅದು ಬೂಷ್ಟಿನ ಜಾತಿಯ ಶಿಲೀಂಧ್ರ. ಉದುರಿದ ಚರ್ಮದ ಹೊಟ್ಟಿನಲ್ಲಿ ಕೂತು ಮ್ಯಾಟು, ಟವೆಲ್ಲು, ಹಾಸಿಗೆಗಳಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ.

ಇಲ್ಲಿ ನಾನು ಮಾಡಿದ ತಪ್ಪನ್ನು ದಯವಿಟ್ಟು ನೀವು ಮಾಡಬೇಡಿ. ಮೆಡಿಕಲ್ ಅಂಗಡಿಯಲ್ಲಿ ಕೇಳಿ ಒಂದು ಟ್ಯೂಬು ತಂದು ಹಚ್ಚಿದೆ. ಮೂರೇ ದಿನಕ್ಕೆ ತುರಿಕೆ ನಿಂತಿತು, ಕೆಂಪು ಇಳಿಯಿತು. ಬಿಟ್ಟ ಮೇಲೆ ಅದೇ ಜಾಗದಲ್ಲಿ ಉಂಗುರದೊಳಗೊಂದು ಉಂಗುರ ಎದ್ದು ತೊಡೆಯವರೆಗೆ ಹಬ್ಬಿತು. ಚರ್ಮದ ಡಾಕ್ಟರು ನೋಡಿದವರೇ "ಟ್ಯೂಬ್ ತಂದೀರೇನ್ರಿ?" ಎಂದು ಕೇಳಿದರು. ಅದರ ಮೇಲಿನ ಸಣ್ಣ ಅಕ್ಷರ ಓದಿ ಕ್ಲೊಬೆಟಾಸೋಲ್ ಎಂಬ ಹೆಸರಿನ ಕೆಳಗೆ ಪೆನ್ನಿನಿಂದ ಗೆರೆ ಎಳೆದರು. ಅದು ಜೋರು ಸ್ಟೀರಾಯ್ಡು. "ತುರಿಕಿ ನಿಲ್ಲಸ್ತದರಿ, ರೋಗ ಬೆಳಸ್ತದ." ಹಚ್ಚುವ ಹಲವು ಸ್ಟೀರಾಯ್ಡುಗಳನ್ನು ಚೀಟಿ ಇಲ್ಲದೆ ಮಾರಬಾರದು ಎಂದು ಕೇಂದ್ರ ಸರ್ಕಾರ 2018ರಲ್ಲೇ ಬಿಗಿ ಮಾಡಿದೆ. ಆದರೂ ನನ್ನನ್ನು ಯಾರೂ ಚೀಟಿ ಕೇಳಲಿಲ್ಲ.

ಬ್ಲೇಡಿನಿಂದ ಹೊಟ್ಟು ಕೆರೆದು ಗಾಜಿನ ಪಟ್ಟಿಯ ಮೇಲೆ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿ ಖಾತ್ರಿ ಮಾಡಿಕೊಂಡರು. ಮೊದಲು ಎರಡು ವಾರದ ಮುಲಾಮಿಗೆ ಹೋಗುತ್ತಿದ್ದ ಗಜಕರ್ಣ ಈಗ ಅಷ್ಟಕ್ಕೆ ಬಗ್ಗುವುದಿಲ್ಲವಂತೆ. ಟರ್ಬಿನಾಫಿನ್ ಎಂಬ ಹಳೆಯ ಗುಳಿಗೆಗೂ ಜಗ್ಗದ ಒಂದು ತಳಿ ನಮ್ಮ ದೇಶದಲ್ಲಿ ಹಬ್ಬಿದೆ. ಭಾರತ ಮತ್ತು ನೇಪಾಳದ ರೋಗಿಗಳ ಚರ್ಮದಲ್ಲಿ ಸಿಕ್ಕ ಅದಕ್ಕೆ ಜಪಾನಿನ ಸಂಶೋಧಕರು 2020ರಲ್ಲಿ ಟ್ರೈಕೋಫೈಟಾನ್ ಇಂಡೋಟಿನಿಯೆ ಎಂದು ಹೆಸರಿಟ್ಟರು. ನಮ್ಮ ದೇಶದ ಹೆಸರೇ ಅದರಲ್ಲಿ ಸೇರಿಕೊಂಡಿದೆ. ನನಗೆ ಬೇರೆ ಗುಳಿಗೆ, ಆರು ವಾರ. ಕಲೆ ಮಾಯವಾದ ಮೇಲೂ ಎರಡು ವಾರ ಮುಲಾಮು.

ಅಷ್ಟರಲ್ಲಿ ಮಗಳ ಕುತ್ತಿಗೆಗೆ ಬಂದಿತ್ತು. ಸ್ನಾನದ ಟವೆಲ್ಲು ನಮ್ಮಿಬ್ಬರಿಗೂ ಒಂದೇ ಇತ್ತು. ಒಂಬತ್ತು ವರ್ಷದ ಕೂಸು ಶಾಲೆಗೆ ಹೋಗುವಾಗ ಕಾಲರನ್ನು ಎಳೆದೆಳೆದು ಮುಚ್ಚಿಕೊಳ್ಳುವುದನ್ನು ನೋಡಿ ನನಗೆ ಬಹಳ ಸಂಕಟವಾಯಿತು. ಬಟ್ಟೆ, ಹಾಸಿಗೆ ಹೊದಿಕೆಗಳನ್ನು ಬಿಸಿನೀರಿನಲ್ಲಿ ಬೇರೆಯಾಗಿ ಒಗೆದು, ಒಳಗಿನ ಭಾಗ ಹೊರಗೆ ಮಾಡಿ ಬಿಸಿಲಿಗೆ ಹಾಕಿ ಎಂದು ಡಾಕ್ಟರು ಹೇಳಿದರು. ಹುಬ್ಬಳ್ಳಿಯ ಜುಲೈನಲ್ಲಿ ಬಿಸಿಲೆಲ್ಲಿ? ಹೊಲಿಗೆಯ ಮೇಲೆ ಒತ್ತಿ ಒತ್ತಿ ಇಸ್ತ್ರಿ ಮಾಡಿದೆ. ಇಬ್ಬರ ಔಷಧಿ, ಡಾಕ್ಟರ ಫೀ ಸೇರಿ 6,400 ರೂಪಾಯಿ ಆಯಿತು, ಜಿಮ್ಮಿನ ಎಂಟು ತಿಂಗಳ ಫೀಗಿಂತ ಹೆಚ್ಚು.

ಬೆಂಚಿನಿಂದಲೇ ಬಂತು ಎಂದು ಸಾಬೀತು ಮಾಡಲು ನನ್ನಿಂದಾಗದು. ಆದರೆ ಬ್ಯಾಚಿನಲ್ಲಿ ಬಾಯಿಬಿಟ್ಟು ಕೇಳಿದಾಗ ಹನ್ನೊಂದು ಜನರಲ್ಲಿ ನಾಲ್ವರು ತಮಗೂ ಇದೆ ಎಂದರು. ಒಬ್ಬಳಿಗೆ ಮದುವೆ ಗೊತ್ತಾಗಿತ್ತು. ತೊಡೆಯ ಮೇಲಿನ ಕಲೆಯನ್ನು ನಾಲ್ಕು ತಿಂಗಳಿಂದ ಅವ್ವನಿಗೂ ಹೇಳದೆ, ನಾನು ಹಚ್ಚಿದಂಥದೇ ಟ್ಯೂಬು ಹಚ್ಚುತ್ತಿದ್ದಳು. ಚರ್ಮ ತೆಳುವಾಗಿ ಗೆರೆ ಬಿದ್ದಿದ್ದವು. ಆ ಗೆರೆಗಳು ಪೂರ್ತಿ ಹೋಗುವುದಿಲ್ಲ. ತಾನು ಹೊಲಸು ಇದ್ದೇನೆ ಅಂದುಕೊಂಡಾರು ಎಂಬ ಅಂಜಿಕೆಗೆ ಬಾಯಿ ಮುಚ್ಚಿಕೊಂಡಿದ್ದಳು. ದಿನಾ ಎರಡು ಹೊತ್ತು ಸ್ನಾನ ಮಾಡುವ ಹುಡುಗಿ ಅವಳು.

ನನ್ನ ಅಜ್ಜ ನವಲಗುಂದದ ಕಡೆಯ ಪೈಲವಾನರು. ತಾಲೀಮಿನಲ್ಲಿ ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಶಿನ ಕಲಸುತ್ತಿದ್ದುದನ್ನು ಹೇಳುತ್ತಿದ್ದರು. ಮೈಮೇಲೆ ಕಜ್ಜಿ, ಗಜಕರ್ಣ ಕಂಡರೆ ಉಸ್ತಾದರು ಕಣಕ್ಕೆ ಇಳಿಸುತ್ತಿರಲಿಲ್ಲವಂತೆ. ಅಂತರರಾಷ್ಟ್ರೀಯ ಕುಸ್ತಿಯಲ್ಲಿ ಇಂದಿಗೂ ತೂಕ ಹಾಕುವ ಮೊದಲು ವೈದ್ಯರು ಚರ್ಮ ನೋಡುತ್ತಾರೆ. ಎಸಿ ಹಾಕಿದ ಜಿಮ್ಮಿನಲ್ಲಿ ಅಂಥದೊಂದು ಮಾತು ಗೋಡೆಯ ಮೇಲೆ ಬರೆಸಿದ್ದರೂ ಸಾಕಿತ್ತು.

ಮಾಲೀಕರ ಹತ್ತಿರ ಹೋದೆ. "ಅಕ್ಕಾರ, ನಾಕ್ ಮಂದಿ ಮುಂದ ಹಿಂಗ ಅನಬ್ಯಾಡ್ರಿ, ಬೆವರು ಸುರಿಸೋ ಜಾಗಾ ಇದು" ಎಂದರು. ನಾನು ವಾದಕ್ಕೆ ಇಳಿಯಲಿಲ್ಲ. "ತಮ್ಮಾ, ಒಂದ್ ಸಲ ಬಾರಪ್ಪಾ" ಎಂದು ಆ ಬೆಂಚಿನ ಹತ್ತಿರ ಕರೆದುಕೊಂಡು ಹೋಗಿ ಅವರ ಬೆರಳಿನಿಂದಲೇ ಒತ್ತಿಸಿದೆ. ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು ಸುಮ್ಮನೆ ನಿಂತರು. ಮುಂದಿನ ವಾರ ಕುಶನ್ ಕೆಲಸದವರು ಬಂದು ಐದು ಬೆಂಚಿಗೆ ಹೊಸ ಸ್ಪಂಜು, ಹೊಸ ರೆಕ್ಸಿನ್ನು ಹಾಕಿದರು. ಅದಕ್ಕೆ ನಾನು ಅವರಿಗೆ ಋಣಿ. ಹೇಳಿದ್ದನ್ನು ಕೇಳಿದರು.

ಈಗ ಸ್ಪ್ರೇ ಬಾಟಲಿಗಳಿವೆ, ಕಾಗದದ ಸುರುಳಿ ಇದೆ. ಹಿಡಿಕೆ, ಕಬ್ಬಿಣಕ್ಕೆಲ್ಲ 70% ಆಲ್ಕೋಹಾಲು. ಮ್ಯಾಟಿಗೆ ಸಾಬೂನು ನೀರಿನಿಂದ ಕೊಳೆ ತೆಗೆದ ಮೇಲೆ ನೀರು ಬೆರೆಸಿದ ಬ್ಲೀಚು. ಬ್ಲೀಚನ್ನು ಟಾಯ್ಲೆಟ್ ತೊಳೆಯುವ ಆಸಿಡ್ಡಿನ ಜೊತೆ ಎಂದೂ ಕೂಡಿಸಬಾರದು, ವಿಷದ ಗಾಳಿ ಏಳುತ್ತದೆ ಎಂದು ಕಾಕು ಅವರಿಗೆ ನಾನೇ ಎರಡು ಸಲ ಹೇಳಿದ್ದೇನೆ. ಆದರೆ ಹೊಡೆದ ಕೂಡಲೇ ಎಲ್ಲರೂ ಒರೆಸಿಬಿಡುತ್ತಾರೆ. ಬಾಟಲಿಯ ಮೇಲೆ ಬರೆದಷ್ಟು ಹೊತ್ತು ಹಸಿಯಾಗಿಯೇ ಬಿಟ್ಟರೆ ಮಾತ್ರ ಅದು ಕೆಲಸ ಮಾಡುತ್ತದೆ. ಅವಸರದಲ್ಲಿ ಒರೆಸಿದರೆ ಬರೀ ವಾಸನೆ ಉಳಿಯುತ್ತದೆ.

ಸ್ನಾನದ ಕೋಣೆ ಈಗಲೂ ಹಾಗೇ ಇದೆ. ಚಪ್ಪಲಿ ಇಲ್ಲದೆ ಹೋಗಬೇಡಿ. ನಾನಂತೂ ಮನೆಗೆ ಬಂದೇ ಸ್ನಾನ ಮಾಡುತ್ತೇನೆ. ಮ್ಯಾಟು ನನ್ನದೇ ಒಯ್ಯುತ್ತೇನೆ. ಟವೆಲ್ಲು ಎರಡು, ಬೆಂಚಿಗೆ ಹಾಸಲು ನೀಲಿ, ಮುಖಕ್ಕೆ ಬಿಳಿ. ಜಿಮ್ಮಿನ ಮ್ಯಾಟುಗಳನ್ನು ಮಾತ್ರ ಇಂದಿಗೂ ಹಸಿ ಇದ್ದಾಗಲೇ ಸುತ್ತಿ ಮೂಲೆಗೆ ನಿಲ್ಲಿಸುತ್ತಾರೆ. ಬಿಚ್ಚಿದರೆ ಮಳೆಗಾಲದ ಗೋಣಿಚೀಲದ ವಾಸನೆ.

ಐದರಲ್ಲಿ ಮೂರು ಕೊಡುತ್ತೇನೆ. ಟ್ರೇನರಿಗೆ ಮಾತ್ರ ಕೊಡುವುದಾದರೆ ಐದೂ ಕೊಡುತ್ತಿದ್ದೆ. ಈ ಸಲ ವರ್ಷದ ಹಣ ಒಟ್ಟಿಗೆ ಕಟ್ಟುವುದಿಲ್ಲ, ಜೂನ್, ಜುಲೈ, ಆಗಸ್ಟ್ ಮೂರು ತಿಂಗಳದ್ದು ಕಟ್ಟಿ ನೋಡುತ್ತೇನೆ ಎಂದು ಮಾಲೀಕರಿಗೆ ಹೇಳಿದ್ದೇನೆ. ಮಳೆ ಶುರುವಾಗುವ ಮೊದಲು ಮ್ಯಾಟು ಒಣಹಾಕಲು ಹಿಂದಿನ ಕೋಣೆಯಲ್ಲಿ ತಂತಿ ಕಟ್ಟಿಸುತ್ತೇನೆ ಎಂದು ಒಪ್ಪಿದ್ದಾರೆ. ಮೊಳೆ ಹೊಡೆದಿದ್ದಾರೆ. ತಂತಿ ಇನ್ನೂ ಬರಬೇಕು.