ಬಿ.ಕಾಂ.ನಲ್ಲಿ ಹಣಕಾಸು ಓದಿದ್ದು: ಏನು ಉಳೀತು, ಏನು ಸಿಗಲಿಲ್ಲ

2018ರಲ್ಲಿ ಹುಬ್ಬಳ್ಳಿಯ ಒಂದು ಕಾಲೇಜಿನಲ್ಲಿ ಬಿ.ಕಾಂ. ಸೇರಿದೆ. ಅಣ್ಣಿಗೇರಿಯಿಂದ ದಿನಾ ಟ್ರೇನು. 2021ರಲ್ಲಿ ಮುಗಿಯಿತು. ಈಗ ಅಮರಗೋಳದ ಎಪಿಎಂಸಿಯಲ್ಲಿ ಒಂದು ದಲಾಲಿ ಅಂಗಡಿಯ ಲೆಕ್ಕ ಬರೆಯುತ್ತೇನೆ. ಪಿಯುಸಿ ಮುಗಿಸಿದ ತಂಗಿ "ಅಣ್ಣಾ, ನಾನೂ ಅದನ್ನ ತಗೊಳ್ಲೇನು?" ಅಂತ ಕೇಳಿದಳು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ತಗೋ ಅಂತಲೇ ಹೇಳಿದೆ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಆ ನಾಲ್ಕೂ ಅಂಕ ಹಣಕಾಸು ಅನ್ನೋ ವಿಷಯಕ್ಕೆ. ಹೋದ ಒಂದು ಅಂಕ ಅದನ್ನು ಕಲಿಸಿದ ರೀತಿಗೆ.

ಮೊದಲ ವರ್ಷ ಬ್ಯಾಂಕಿನ ಆಸ್ತಿ-ಹೊಣೆ ಪಟ್ಟಿ ನೋಡಿ ತಲೆ ಕೆಟ್ಟಿತ್ತು. ನಾವು ಇಟ್ಟ ಠೇವಣಿ ಹೊಣೆಯ ಕಡೆ, ಕೊಟ್ಟ ಸಾಲ ಆಸ್ತಿಯ ಕಡೆ. ಉಲ್ಟಾ ಅಚ್ಚಾಗಿದೆ ಅಂದುಕೊಂಡಿದ್ದೆ. ರಾತ್ರಿ ಊಟಕ್ಕೆ ಕೂತಾಗ ಅಪ್ಪನಿಗೆ ತೋರಿಸಿದೆ. ಅವರು ಓದಿದ್ದು ಏಳನೇ ಇಯತ್ತೆ. "ಬರೋಬ್ಬರಿ ಐತಲ್ಲೋ. ನಾವು ಇಟ್ಟ ರೊಕ್ಕ ಅವರು ನಮಗ ಕೊಡಬೇಕಾದ ಸಾಲನ. ಅದಕ್ಕ ಬಡ್ಡಿ ಕೊಡ್ತಾರ" ಅಂದರು. ಕ್ಲಾಸಿನಲ್ಲಿ ಎರಡು ವಾರ ಬರೆಸಿಕೊಂಡರೂ ತಿಳಿಯದ್ದು ಒಂದು ತುತ್ತಿನಲ್ಲಿ ತಿಳಿಯಿತು. ಆಮೇಲೆ ಯಾವ ಪಾಠ ಬಂದರೂ ಮನೆಯ ವ್ಯವಹಾರಕ್ಕೆ ಹಚ್ಚಿ ನೋಡೋದು ರೂಢಿಯಾಯಿತು.

ಬಡ್ಡಿಯ ಲೆಕ್ಕ ನನಗೆ ಅತಿ ಹೆಚ್ಚು ಉಪಯೋಗವಾಗಿದೆ. ಕಾಕಾನ ಮಗ ಬೈಕಿಗೆ ಒಂದು ಲಕ್ಷ ಸಾಲ ತೆಗೆಯಲು ಹೊರಟಿದ್ದ. ಫೈನಾನ್ಸ್‌ನವರು ವರ್ಷಕ್ಕೆ ನೂರಕ್ಕೆ 12 ಅಂದಿದ್ದರು, ಮೂರು ವರ್ಷ. ತಿಂಗಳ ಕಂತು 3,778 ರೂಪಾಯಿ. ಟ್ರೇನಿನಲ್ಲಿ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಲೆಕ್ಕ ಹಾಕಿದೆ. ಅವರು ಪೂರ್ತಿ ಲಕ್ಷದ ಮೇಲೆ ಮೂರೂ ವರ್ಷ ಬಡ್ಡಿ ಹಿಡಿದಿದ್ದರು. ಒಟ್ಟು 36,000. ಆದರೆ ಅಸಲು ತಿಂಗಳು ತಿಂಗಳು ಕಮ್ಮಿ ಆಗ್ತಾ ಹೋಗುತ್ತದೆ ಅಲ್ವಾ? ಉಳಿದ ಅಸಲಿನ ಮೇಲೆ ಮಾತ್ರ 12 ಹಿಡಿದರೆ ಕಂತು 3,321, ಬಡ್ಡಿ ಸುಮಾರು 19,600. ಅವರ ಕಂತನ್ನೇ ಈ ಲೆಕ್ಕಕ್ಕೆ ತಂದರೆ ಬಡ್ಡಿ ದರ ನೂರಕ್ಕೆ 21 ದಾಟುತ್ತದೆ. ಅವನು ಆ ಹಾಳೆ ಹರಿದುಕೊಂಡು ಹೋಗಿ ಬ್ಯಾಂಕಿನಲ್ಲಿ ವಿಚಾರಿಸಿದ. ಸಾಲ ಅಲ್ಲಿಯೇ ಆಯಿತು.

ಇನ್ನು ಬೇಜಾರಿನ ಮಾತು. ಪುಸ್ತಕ ಹಳೆಯದು. ಠೇವಣಿ ವಿಮೆ, ಅಂದರೆ ಬ್ಯಾಂಕು ಮುಳುಗಿದರೆ ಠೇವಣಿ ಇಟ್ಟವರಿಗೆ ಸಿಗುವ ರೊಕ್ಕದ ಮಿತಿ, ಒಂದು ಲಕ್ಷ ಅಂತ ಅದರಲ್ಲಿತ್ತು. ನಾವು ಎರಡನೇ ವರ್ಷದಲ್ಲಿದ್ದಾಗ, 2020ರ ಫೆಬ್ರವರಿ 4ರಿಂದ, ಅದು ಐದು ಲಕ್ಷವಾಯಿತು. ಸರ್ ಅವರನ್ನು ಕೇಳಿದರೆ "ಪರೀಕ್ಷೆಗೆ ಪುಸ್ತಕದಾಗ ಇದ್ದದ್ದನ್ನ ಬರೀರಿ" ಅಂದರು. ಅದೇ ಏಪ್ರಿಲ್ 1ಕ್ಕೆ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ಸೇರಿತು. ನಮ್ಮ ನೋಟ್ಸಿನಲ್ಲಿ ಅದು ಬೇರೆ ಬ್ಯಾಂಕಾಗಿಯೇ ಉಳಿಯಿತು. ಈಗ ಓದುವವರೂ ಹುಷಾರಾಗಿರಬೇಕು. ಧಾರವಾಡದಲ್ಲಿ ಮುಖ್ಯ ಕಚೇರಿ ಇದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕು 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕಿನ ಭಾಗ. ಮುಖ್ಯ ಕಚೇರಿ ಬಳ್ಳಾರಿ.

ಪ್ರಾಕ್ಟಿಕಲ್ ಅಂದರೆ ರೆಕಾರ್ಡ್ ಪುಸ್ತಕಕ್ಕೆ ಚಲನ್ ಅಂಟಿಸೋದು, ಮಾದರಿ ಚೆಕ್ ಬರೆಯೋದು. ಮೂರು ವರ್ಷದಲ್ಲಿ ಒಂದು ಸಲವೂ ಬ್ಯಾಂಕಿನ ಒಳಗೆ ಕರೆದುಕೊಂಡು ಹೋಗಲಿಲ್ಲ. ಎಕ್ಸೆಲ್ ಕಲಿಸಲಿಲ್ಲ. ಅದನ್ನು ನಾನು ಕಲಿತದ್ದು ಕೆಲಸಕ್ಕೆ ಸೇರಿದ ಮೇಲೆ. ಸಹಕಾರದ ಪಾಠದಲ್ಲಿ ಹಳ್ಳಿಗಳಲ್ಲಿ ಸಹಕಾರಿ ಸಾಲದ ಸಂಘಗಳನ್ನು ಕಟ್ಟಿದ ಜರ್ಮನಿಯ ರೈಫೈಸನ್ ಬಗ್ಗೆ ಎರಡು ಪುಟ ಬರೆಸಿದರು. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ಧನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು, ದೇಶದ ಮೊದಲ ಕೃಷಿ ಸಹಕಾರ ಸಂಘ ಅಂತ ಹೆಸರಾದದ್ದು ಅದೇ. ನಮ್ಮಲ್ಲಿ ಗದಗ ಕಡೆಯ ಹುಡುಗರೇ ಹತ್ತು ಜನ ಇದ್ದೆವು. ಒಂದು ಸಾಲೂ ಬರೆಸಲಿಲ್ಲ. ಇದು ನನಗೆ ಇವತ್ತಿಗೂ ಬಹಳ ನೋವು.

ಸಹಕಾರ ಅಂದಾಗ ನಮ್ಮ ಅತ್ತಿ ನೆನಪಾಗುತ್ತಾರೆ. ಅವರು ಒಂದು ಪತ್ತಿನ ಸಂಘದಲ್ಲಿ (ಸದಸ್ಯರ ಠೇವಣಿ ತಗೊಂಡು ಸದಸ್ಯರಿಗೇ ಸಾಲ ಕೊಡುವ ಸಹಕಾರಿ ಸಂಘ, ಬ್ಯಾಂಕಲ್ಲ) ಎರಡು ಲಕ್ಷ ಇಟ್ಟಿದ್ದರು, ಬಡ್ಡಿ ಜಾಸ್ತಿ ಅಂತ. ಮುದ್ದತು ಮುಗಿದರೂ ರೊಕ್ಕ ಬರಲಿಲ್ಲ. "ವಿಮಾ ಐತೆಲ್ಲೋ, ನೀನ ಹೇಳಿದ್ದಿ" ಅಂತ ನನ್ನ ಕಡೆ ಬಂದರು. ಪುಸ್ತಕ ತೆಗೆದು ನೋಡಿದೆ. ವಿಮೆ ಇರೋದು ಬ್ಯಾಂಕುಗಳಿಗೆ. ಸಹಕಾರಿ ಬ್ಯಾಂಕಿಗೂ ಇದೆ. ಪತ್ತಿನ ಸಂಘಕ್ಕೆ ಇಲ್ಲ. ಬೋರ್ಡಿನ ಮೇಲೆ ಎರಡರಲ್ಲೂ 'ಸಹಕಾರಿ' ಅಂತಲೇ ಇರುತ್ತದೆ. ಪತ್ತಿನ ಸಂಘಕ್ಕೆ ವಿಮೆ ಇಲ್ಲ ಅನ್ನೋ ಮಾತನ್ನು ನಾನು ಎರಡು ಅಂಕದ ಪ್ರಶ್ನೆಗೆ ಬಾಯಿಪಾಠ ಮಾಡಿದ್ದೆ, ಮನೆಯಲ್ಲಿ ಹೇಳಿರಲಿಲ್ಲ. ಅರ್ಧ ರೊಕ್ಕ ಎರಡು ವರ್ಷ ಓಡಾಡಿದ ಮೇಲೆ ಬಂತು. ಉಳಿದದ್ದು ಇನ್ನೂ ಬಂದಿಲ್ಲ.

ಹಾಗಾಗಿ ಸೇರುವವರಿಗೆ ಒಂದು ಮಾತು. ಐದು ಲಕ್ಷದ ಮಿತಿ ಒಬ್ಬರಿಗೆ ಒಂದು ಬ್ಯಾಂಕಿಗೆ. ಎಲ್ಲ ಶಾಖೆಗಳ ಠೇವಣಿ, ಅಸಲು, ಬಡ್ಡಿ ಎಲ್ಲಾ ಸೇರಿ. ಇಂಥದ್ದನ್ನು ಓದಿದ ದಿನವೇ ಮನೆಯಲ್ಲಿ ಹೇಳಿ. ಕಾಲೇಜು ಆರಿಸುವಾಗ ಎಕ್ಸೆಲ್ ಕಲಿಸುತ್ತಾರಾ, ಬ್ಯಾಂಕಿಗೆ ಕರೆದುಕೊಂಡು ಹೋಗುತ್ತಾರಾ ಕೇಳಿ. ಕನ್ನಡ ಮಾಧ್ಯಮದವರು ಹೆದರಬೇಡಿ. ಅಡವು, ಜಾಮೀನು, ಮುದ್ದತು, ಅಸಲು ಇವೆಲ್ಲ ಮನೆಯಲ್ಲಿ ಕೇಳಿ ಬೆಳೆದ ಮಾತುಗಳೇ. ಇಂಗ್ಲಿಷ್ ಹೆಸರು ಒಂದೇ ಹೊಸದು.

ತಂಗಿಗೆ ನನ್ನ ಹಳೆಯ ನೋಟ್ಸ್ ಕೊಟ್ಟಿದ್ದೇನೆ. ಒಂದು ಲಕ್ಷ ಅಂತ ಇದ್ದಲ್ಲಿ ಹೊಡೆದು ಐದು ಅಂತ ಬರೆದಿದ್ದೇನೆ. ಅತ್ತಿ ಹೋದ ತಿಂಗಳು ಬ್ಯಾಂಕಿನಲ್ಲಿ ಬಂದಷ್ಟು ರೊಕ್ಕ ಇಟ್ಟು ಬಂದರು. ಫಾರ್ಮ್ ತುಂಬುವ ಮೊದಲು ಕೌಂಟರಿನಲ್ಲಿ ಅವರು ಕೇಳಿದ್ದು ಒಂದೇ: "ಇದಕ್ಕ ವಿಮಾ ಐತೇನ್ರಿ?"