ನಾಲ್ಕು ಮಕ್ಕಳ ಮನೆಪಾಠಕ್ಕೆ ಒಂದು ಮ್ಯಾಗ್ನೆಟ್ ಹಲಗೆ: ಹತ್ತು ತಿಂಗಳು ಬಳಸಿದ ಮೇಲೆ

ಕಳೆದ ಜೂನ್ ತಿಂಗಳಲ್ಲಿ ಹಳೆ ಬಾಗಲಕೋಟೆಯ ಸ್ಟೇಷನರಿ ಅಂಗಡಿಯೊಂದರಿಂದ 3 ಅಡಿ ಅಗಲ, 2 ಅಡಿ ಎತ್ತರದ ಮ್ಯಾಗ್ನೆಟ್ ವೈಟ್‌ಬೋರ್ಡನ್ನೂ ಅದಕ್ಕೆ ಅಂಟಿಕೊಳ್ಳುವ ಬಣ್ಣದ ಮ್ಯಾಗ್ನೆಟ್ ಪಟ್ಟಿಗಳನ್ನೂ ಕೊಂಡು ತಂದೆವು. ಹಲಗೆಗೆ 1,450 ರೂಪಾಯಿ, ಪಟ್ಟಿಗಳಿಗೆ 380 ರೂಪಾಯಿ ಕೊಟ್ಟೆವು. ಅಂದಿನಿಂದ ಅದು ನವನಗರದ ನಮ್ಮ ಮನೆಯ ಪಡಸಾಲೆಯ ಗೋಡೆಯ ಮೇಲಿದೆ, ಮನೆಯ ಮಕ್ಕಳ ಪಾಠವೆಲ್ಲ ಅದನ್ನು ನೋಡಿಕೊಂಡೇ ನಡೆಯುತ್ತಿದೆ. ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸುವ, ಅದರಲ್ಲೂ ಬೇರೆ ಬೇರೆ ಹಂತದ ಚಿಕ್ಕ ಮಕ್ಕಳನ್ನು ಒಬ್ಬರೇ ಕೂರಿಸಿಕೊಂಡು ಕಲಿಸುವ ತಾಯಂದಿರಿಗೆ ಉಪಯೋಗವಾದೀತು ಎಂದು ಅದರ ಗುಣವನ್ನೂ ದೋಷವನ್ನೂ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಮನೆಯ ಪರಿಸ್ಥಿತಿಯನ್ನು ಮೊದಲು ಹೇಳದಿದ್ದರೆ ಹಲಗೆಯ ಉಪಯೋಗ ತಿಳಿಯುವುದಿಲ್ಲ. ಹಿರಿಯ ಮಗಳಿಗೆ 10 ವರ್ಷ, ನಮ್ಮೊಂದಿಗೇ ಇರುವ ಮೈದುನನ ಮಗನಿಗೆ 8, ನನ್ನ ಮಗನಿಗೆ 6, ಕಿರಿಯ ಕೂಸಿಗೆ 2. ಯಜಮಾನರ ಕೆಲಸದ ದೆಸೆಯಿಂದ ಎರಡು ವರ್ಷಕ್ಕೊಮ್ಮೆ ಊರು ಬದಲಾಗುವುದರಿಂದ ಮನೆಯಲ್ಲೇ ಕಲಿಸುವ ನಿರ್ಧಾರ ಮಾಡಿದೆವು. ಹಿರಿಯವಳನ್ನು ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಮುಕ್ತ ಮೂಲ ಶಿಕ್ಷಣದ ಬಿ ಹಂತಕ್ಕೆ ಸಿದ್ಧಗೊಳಿಸುತ್ತಿದ್ದೇನೆ. ಎ, ಬಿ, ಸಿ ಎಂಬ ಅದರ ಮೂರು ಹಂತಗಳು ಕ್ರಮವಾಗಿ 3, 5 ಮತ್ತು 8ನೆಯ ತರಗತಿಗೆ ಸಮ. ಆದರೆ ವಯಸ್ಸು ನೋಡಿ ಹಂತ ನಿರ್ಧರಿಸಲು ಬರುವುದಿಲ್ಲ. ಅವಳು ಕನ್ನಡವನ್ನು ಆರನೆಯ ತರಗತಿಯವರಂತೆ ಓದುತ್ತಾಳೆ, ಭಿನ್ನರಾಶಿಯಲ್ಲಿ ಮಾತ್ರ ನಾಲ್ಕನೆಯ ತರಗತಿಯ ಪುಸ್ತಕದಲ್ಲೇ ನಿಂತಿದ್ದಾಳೆ. ಎಂಟು ವರ್ಷದವನು ಬಾಯಿಲೆಕ್ಕದಲ್ಲಿ ಚುರುಕು, ಒತ್ತಕ್ಷರ ಬಂದರೆ ತಡವರಿಸುತ್ತಾನೆ. ಹೀಗಾಗಿ ಮೂವರು ಕಲಿಯುವವರಿದ್ದರೂ ಹಂತಗಳನ್ನು ಎಣಿಸಿದರೆ ಏಳೆಂಟು ಆಗುತ್ತವೆ.

ಹಲಗೆಗಿಂತ ಮೊದಲು ಮೊಬೈಲಿನಲ್ಲಿ ಒಂದು ವೇಳಾಪಟ್ಟಿಯ ಆ್ಯಪನ್ನು ಹಣ ಕೊಟ್ಟು ನಾಲ್ಕು ತಿಂಗಳು ಬಳಸಿದ್ದೆ. ಅದು ಪ್ರತಿ ಮಗುವಿಗೂ ಪ್ರತ್ಯೇಕ ಪುಟ ತೆರೆದು, ಗಂಟೆಗೊಂದು ವಿಷಯ ತುಂಬಿಕೊಡುತ್ತಿತ್ತು. ಪ್ರತಿಯೊಬ್ಬರ ಪುಟವೂ ತನ್ನಷ್ಟಕ್ಕೆ ಸರಿಯಾಗಿಯೇ ಇರುತ್ತಿತ್ತು. ಆದರೆ ಮೂರು ಪುಟಗಳನ್ನು ಒಟ್ಟಿಗೆ ನೋಡುವ ದಾರಿ ಇರಲಿಲ್ಲವಾದ್ದರಿಂದ, ಬೆಳಿಗ್ಗೆ ಎಂಟೂವರೆಗೆ ಒಬ್ಬನಿಗೆ ಎರವಲು ತೆಗೆದುಕೊಂಡು ಕಳೆಯುವ ಲೆಕ್ಕ, ಇನ್ನೊಬ್ಬನಿಗೆ ಹೊಸ ಅಕ್ಷರ, ಮಗದೊಬ್ಬಳಿಗೆ ಇಂಗ್ಲಿಷ್ ಪಾಠ ಬಂದು ನಿಂತು, ಮೂವರೂ ಒಂದೇ ಹೊತ್ತಿಗೆ ನನ್ನ ಮುಖ ನೋಡುತ್ತಿದ್ದರು. ಅಷ್ಟರಲ್ಲಿ ಕೂಸು ಅಳುತ್ತಿತ್ತು. ಮಕ್ಕಳಿಗೆ ನಾನು ಜೋರು ಮಾಡಿದ ದಿನಗಳೆಲ್ಲ ಅಂಥವೇ. ಒಂದು ದಿನ ಪಾಠ ತಪ್ಪಿದರೆ ಆ್ಯಪ್ ಅದನ್ನು ಕೆಂಪಕ್ಷರದಲ್ಲಿ ಬಾಕಿ ಎಂದು ತೋರಿಸುತ್ತ ಹೋಗುತ್ತಿತ್ತು, ತಿಂಗಳ ಕೊನೆಗೆ ಪರದೆಯೆಲ್ಲ ಕೆಂಪಾಗುತ್ತಿತ್ತು.

ಈ ಕಷ್ಟಕ್ಕೆ ಪರಿಹಾರ ಹೇಳಿದವರು ನನ್ನ ವೈನಿ, ಅಂದರೆ ಅತ್ತಿಗೆ. ಅವರು ಹುನಗುಂದ ತಾಲ್ಲೂಕಿನ ಸರಕಾರಿ ಶಾಲೆಯೊಂದರಲ್ಲಿ ನಲಿ-ಕಲಿ ತರಗತಿ ನಡೆಸುತ್ತಾರೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ, ಆಮೇಲೆ ರಾಜ್ಯದ ಸರಕಾರಿ ಶಾಲೆಗಳಿಗೆಲ್ಲ ಹರಡಿದ ಈ ಪದ್ಧತಿಯಲ್ಲಿ ಒಂದರಿಂದ ಮೂರನೆಯ ತರಗತಿಯವರೆಗಿನ ಮಕ್ಕಳು ಒಂದೇ ಕೋಣೆಯಲ್ಲಿ, ಒಬ್ಬರೇ ಶಿಕ್ಷಕರ ಬಳಿ ಕಲಿಯುತ್ತಾರೆ. ಅಲ್ಲಿ ಮಕ್ಕಳನ್ನು ತರಗತಿಯ ಪ್ರಕಾರ ಕೂರಿಸುವುದಿಲ್ಲ. ಕೈಯಲ್ಲಿರುವ ಚಟುವಟಿಕೆಯ ಕಾರ್ಡಿಗೆ ಶಿಕ್ಷಕರ ಪೂರ್ಣ ಸಹಾಯ ಬೇಕೋ, ಅರ್ಧ ಸಹಾಯ ಸಾಕೋ, ಜೊತೆಗಾರರ ಪೂರ್ಣ ಸಹಾಯ ಬೇಕೋ, ಅವರ ಅರ್ಧ ಸಹಾಯ ನಡೆದೀತೋ, ಒಬ್ಬರೇ ಮಾಡಬಲ್ಲರೋ ಎಂಬುದನ್ನು ನೋಡಿ ತಟ್ಟೆ ಎಂದು ಕರೆಯುವ ಐದು ಗುಂಪುಗಳಲ್ಲಿ ಕೂರಿಸುತ್ತಾರೆ. ನನ್ನ ಆ್ಯಪಿನ ಪುಟಗಳನ್ನು ನೋಡಿದ ವೈನಿ ಹೇಳಿದ್ದು ಇಷ್ಟೇ: "ಮೊದಲ ನಿನ್ನ ಹೊತ್ತು ಹಂಚವಾ. ಹುಡುಗೂರ ಹೊತ್ತು ಆಮ್ಯಾಲ ತಾನ ಕುಂಡರತೈತಿ."

ಆ ಮಾತನ್ನು ಗೋಡೆಗೆ ತರಲು ಈ ಹಲಗೆ ತಕ್ಕ ಸಾಧನವಾಯಿತು. ಅದರ ಮೇಲೆ ಪರ್ಮನೆಂಟ್ ಮಾರ್ಕರಿನಿಂದ ನಾಲ್ಕು ಕಂಬಸಾಲು, ಒಂಬತ್ತು ಅಡ್ಡಸಾಲು ಎಳೆದಿದ್ದೇನೆ. ಕಂಬಸಾಲು ಒಂದೊಂದು ಮಗುವಿನದು, ಕೂಸಿಗೂ ಒಂದಿದೆ; ಇವುಗಳ ಪಕ್ಕಕ್ಕೆ ಮುಗಿದ ಪಟ್ಟಿಗಳಿಗೂ ಉಳಿದ ಪಟ್ಟಿಗಳಿಗೂ ಜಾಗ ಬಿಟ್ಟಿದ್ದೇನೆ. ಅಡ್ಡಸಾಲು ಒಂದೊಂದೂ ಇಪ್ಪತ್ತು ನಿಮಿಷದ್ದು. ಬೆಳಿಗ್ಗೆ ಏಳೂವರೆಯಿಂದ ಹನ್ನೊಂದರವರೆಗೆ, ನಡುವೆ ಅರ್ಧ ತಾಸು ಬಿಡುವು ಕಳೆದರೆ, ಸರಿಯಾಗಿ ಒಂಬತ್ತು ಸಾಲುಗಳಾಗುತ್ತವೆ. ಬಾಗಲಕೋಟೆಯ ಬೇಸಿಗೆಯಲ್ಲಿ ಹನ್ನೊಂದರ ಮೇಲೆ ಮಕ್ಕಳ ತಲೆಯೂ ಓಡುವುದಿಲ್ಲ, ನನ್ನದೂ ಓಡುವುದಿಲ್ಲ. ಪಟ್ಟಿಗಳ ಬಣ್ಣವನ್ನು ವಿಷಯಕ್ಕೆ ಕೊಟ್ಟಿಲ್ಲ. ನಾನು ಎಷ್ಟು ಬೇಕು ಎಂಬುದಕ್ಕೆ ಕೊಟ್ಟಿದ್ದೇನೆ. ಕೆಂಪು ಪಟ್ಟಿಯೆಂದರೆ ಅವ್ವ ಪಕ್ಕದಲ್ಲೇ ಕೂತು ಕಲಿಸಬೇಕಾದ ಪಾಠ. ಹಳದಿಯೆಂದರೆ ಎರಡು ನಿಮಿಷ ಹೇಳಿಕೊಟ್ಟು ಎದ್ದುಬರಬಹುದಾದ ಪಾಠ. ಹಸಿರು ಪಟ್ಟಿಯ ಕೆಲಸವನ್ನು ಮಗು ತಾನೇ ಮಾಡುತ್ತದೆ: ಕಾಪಿ ಬರೆಯುವುದು, ಮಗ್ಗಿ ಒಪ್ಪಿಸಿಕೊಳ್ಳುವುದು, ಓದಿದ್ದನ್ನೇ ಮತ್ತೊಮ್ಮೆ ಓದುವುದು, ಗಿಡಕ್ಕೆ ನೀರು ಹಾಕುವುದು. ನಿಯಮ ಒಂದೇ: ಯಾವ ಅಡ್ಡಸಾಲಿನಲ್ಲೂ ಎರಡು ಕೆಂಪು ಪಟ್ಟಿ ಇರಕೂಡದು.

ಈ ಒಂದು ನಿಯಮ ಉಳಿದ ಲೆಕ್ಕವನ್ನೆಲ್ಲ ತಾನೇ ಸರಿಪಡಿಸುತ್ತದೆ. ಒಂಬತ್ತು ಸಾಲುಗಳಿದ್ದರೆ ದಿನಕ್ಕೆ ನನ್ನ ಬಳಿ ಇರುವುದು ಒಂಬತ್ತೇ ಕೆಂಪು ಪಟ್ಟಿ. ಆರು ವರ್ಷದವನಿಗೆ ಮೂರು, ಉಳಿದಿಬ್ಬರಿಗೆ ಎರಡೆರಡು, ಕೂಸಿಗೆ ಒಂದು, ಎಲ್ಲರ ಕೂಡುಪಾಠಕ್ಕೆ ಒಂದು. ಹೊಸದಾಗಿ ಓದಲು ಕಲಿಯುವ ಮಗು ಒಬ್ಬನೇ ಕೂತು ಮಾಡುವಂಥದ್ದು ಬಹಳ ಕಡಿಮೆ, ಆದ್ದರಿಂದ ಅವನ ಪಾಲು ಹೆಚ್ಚು. ಹಾಗೆಂದು ಅವನ ಮೂರು ಪಟ್ಟಿಗಳನ್ನು ಒಂದರ ಕೆಳಗೊಂದು ಇಡುವುದಿಲ್ಲ. ಹದಿನೈದು ನಿಮಿಷ ದಾಟಿದರೆ ಅವನ ಕಣ್ಣು ಕಿಟಕಿಗೆ ಹೋಗುತ್ತದೆ. ಕೂಸಿನ ಕಂಬಸಾಲನ್ನು ಮೊದಲು ಹಾಕಿರಲಿಲ್ಲ. ಅದೇ ದೊಡ್ಡ ತಪ್ಪಾಗಿತ್ತು. ಈಗ ಆ ಸಾಲಿನಲ್ಲಿ ಆ ಇಪ್ಪತ್ತು ನಿಮಿಷ ಕೂಸು ಯಾರ ಹತ್ತಿರ ಎಂಬುದನ್ನು ಬರೆಯುತ್ತೇವೆ. ಹಿರಿಯವಳ ಒಂದು ಹಸಿರು ಪಟ್ಟಿ ದಿನಾಲೂ ತಂಗಿಯನ್ನು ಆಡಿಸುವುದಕ್ಕೇ ಮೀಸಲು, ಮಕ್ಕಳ ಆಯಿ (ಅಜ್ಜಿ) ಪೂಜೆ ಮುಗಿಸಿ ಬಂದ ಮೇಲೆ ಎರಡು ಸಾಲು ಅವರ ಪಾಲು.

ಮಕ್ಕಳು ಹಲಗೆಯನ್ನು ತಮ್ಮದಾಗಿ ಮಾಡಿಕೊಂಡ ರೀತಿ ನನಗೆ ಬಹಳ ಸಂತೋಷ ಕೊಟ್ಟಿದೆ. ಹಲಗೆಯನ್ನು ನೆಲದಿಂದ ಎರಡೂವರೆ ಅಡಿ ಎತ್ತರಕ್ಕೇ ಹೊಡೆಸಿದ್ದರಿಂದ ಎಲ್ಲರ ಕೈಗೂ ಸಿಗುತ್ತದೆ. ನಲಿ-ಕಲಿಯಲ್ಲಿ ಅಕ್ಷರಗಳನ್ನು ಅ, ಆ ಎಂದು ಆರಂಭಿಸದೆ ರ, ಗ, ಸ, ದ, ಅ ಎಂದು ಆರಂಭಿಸುತ್ತಾರೆ. ಆರು ವರ್ಷದವನು ಆ ಐದು ಅಕ್ಷರ ಕಲಿತ ವಾರವೇ "ಅರಸ", "ಅಗಸ", "ಗರಗಸ" ಎಂದು ಕೂಡಿಸಿ ಓದಿದ. ಓದಿದ ಕೂಡಲೇ ಎದ್ದು ಹೋಗಿ, ಎರಡೂ ಕೈಯಿಂದ ತನ್ನ ಕೆಂಪು ಪಟ್ಟಿಯನ್ನು ಕಿತ್ತು, ಪಕ್ಕದ ಮುಗಿದವುಗಳ ಸಾಲಿಗೆ ಒತ್ತಿ ಹಚ್ಚಿ, ಹಿಂದೆ ಸರಿದು ನಿಂತು ನೋಡಿದ. ಎರಡು ತಿಂಗಳಾದ ಮೇಲೆ ಅದೇ ಓದಿನ ಪಟ್ಟಿಯನ್ನು ಕೆಂಪಿನಿಂದ ಹಳದಿಗೆ ಬದಲಿಸಿದಾಗ, "ಅವ್ವಾ, ಇದು ಹಸಿರು ಯಾವಾಗ ಆಗತೈತಿ?" ಎಂದು ಕೇಳಿದ. ಬಣ್ಣ ಬದಲಾಗುವುದೆಂದರೆ ತಾನು ಬೆಳೆದಂತೆ ಎಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಕೂಡುಪಾಠಕ್ಕೆ ಮೂರು ಕಂಬಸಾಲುಗಳನ್ನು ದಾಟುವ ಒಂದು ಉದ್ದನೆಯ ಪಟ್ಟಿಯನ್ನು ಅಂಗಡಿಯಲ್ಲೇ ಕತ್ತರಿಸಿ ಕೊಟ್ಟಿದ್ದಾರೆ. ಕಥೆ, ಹಾಡು, ಪರಿಸರ, ಇತಿಹಾಸವನ್ನು ಹಂತ ನೋಡಿ ಒಡೆಯುವ ಅಗತ್ಯವಿಲ್ಲ; ಪಾಠ ಒಂದೇ, ಮಕ್ಕಳು ಮಾಡುವ ಕೆಲಸ ಬೇರೆ. ಜನವರಿಯಲ್ಲಿ ಬಾದಾಮಿಗೆ ಹೋಗುವ ಮುನ್ನ ಎರಡು ವಾರ ಆ ಉದ್ದನೆಯ ಪಟ್ಟಿಯ ಮೇಲೆ ಚಾಲುಕ್ಯರು ಎಂದೇ ಬರೆದಿತ್ತು. ಮೂರನೆಯ ಗುಹೆಯಲ್ಲಿ ಕ್ರಿ.ಶ. 578ರ ಶಾಸನವಿದೆ, ಐಹೊಳೆಯ ಮೇಗುತಿ ಗುಡಿಯ ಶಾಸನ 634ರದು. ಎರಡಕ್ಕೂ ನಡುವೆ ಎಷ್ಟು ವರ್ಷ ಎಂಬುದನ್ನು ಎಂಟು ವರ್ಷದವನು ಎರವಲು ತೆಗೆದುಕೊಂಡು ಕಳೆದು ಹೇಳಿದ. ಹಿರಿಯವಳು ಪುಲಿಕೇಶಿಯ ಬಗ್ಗೆ ಒಂದು ಪುಟ ಬರೆದಳು. ಆರು ವರ್ಷದವನು ಕೆಂಪು ಕಲ್ಲಿನ ಗುಡ್ಡಕ್ಕೆ ಬಣ್ಣ ತುಂಬಿ, ಕೆಳಗೆ ಊರಿನ ಹೆಸರು ಬರೆದ. ನನ್ನ ಒಂದೇ ಕೆಂಪು ಪಟ್ಟಿಯಲ್ಲಿ ಮೂವರ ಪಾಠ ಆಯಿತು. ಹಲಗೆಯಿಂದ ನಾನು ಪಡೆದ ಅತಿ ದೊಡ್ಡ ಉಳಿತಾಯ ಇದೇ.

ಪಾಠ ತಪ್ಪಿದಾಗ ಪಟ್ಟಿ ಬಲಬದಿಯ ಉಳಿಕೆಯ ಸಾಲಿಗೆ ಹೋಗುತ್ತದೆ. ಶುಕ್ರವಾರ ಹೊಸ ಪಾಠ ಇಡದೆ ಉಳಿಕೆಯನ್ನಷ್ಟೇ ಮುಗಿಸುತ್ತೇವೆ. ಎರಡು ಶುಕ್ರವಾರ ದಾಟಿಯೂ ಅಲ್ಲೇ ಉಳಿದ ಪಟ್ಟಿಯನ್ನು ತೆಗೆದು ಡಬ್ಬಿಗೆ ಹಾಕುತ್ತೇನೆ, ಏಕೆಂದರೆ ಅಷ್ಟು ದಿನ ಬಿಟ್ಟರೂ ನಡೆದ ಪಾಠ ಈಗಲೇ ಬೇಕಾದ ಪಾಠವಲ್ಲ. ಹೋಳಿಯಲ್ಲಿ ಈ ಊರಿನಲ್ಲಿ ಹಲಗೆ ಎಂಬ ವಾದ್ಯದ ಸದ್ದು, ಬಣ್ಣ ಎರಡೂ ದಿನಗಟ್ಟಲೆ ನಡೆಯುವುದು ಎಲ್ಲರಿಗೂ ಗೊತ್ತು. ಆ ವಾರ ಪಟ್ಟಿಗಳನ್ನು ಮುಟ್ಟಲೇ ಇಲ್ಲ. ಮುಂದಿನ ಸೋಮವಾರ ನಿಂತಲ್ಲಿಂದಲೇ ಆರಂಭಿಸಿದೆವು, ಯಾವುದೂ ಕೆಂಪಕ್ಷರದಲ್ಲಿ ಕಾದಿರಲಿಲ್ಲ.

ಇನ್ನು ವಸ್ತುವಿನ ಗುಣಮಟ್ಟ. ವೈಟ್‌ಬೋರ್ಡುಗಳೆಲ್ಲ ಮ್ಯಾಗ್ನೆಟ್ ಹಿಡಿಯುವುದಿಲ್ಲ. ಅಗ್ಗದ ಹಲಗೆಗಳ ಮೈ ಬರಿಯ ಲ್ಯಾಮಿನೇಟ್ ಆಗಿರುತ್ತದೆ, ಉಕ್ಕಿನ ತಗಡಿರುವ ಹಲಗೆ ಮಾತ್ರ ಹಿಡಿಯುತ್ತದೆ. ನೋಡುವುದಕ್ಕೆ ಎರಡೂ ಒಂದೇ ತರಹ. ನಾನು ಮೊದಲು ಕೈಯಿಟ್ಟದ್ದು ಅಂಥ ಅಗ್ಗದ ಹಲಗೆಗೇ. ಅಂಗಡಿಯವರೇ ಗಲ್ಲೆಯ ಮೇಲಿದ್ದ ಮ್ಯಾಗ್ನೆಟ್ ತೆಗೆದುಕೊಟ್ಟು, "ಅಕ್ಕಾರ, ಹಚ್ಚಿ ನೋಡಿ ತಗೋರಿ" ಎಂದರು. ಅದು ನಿಲ್ಲದೆ ಜಾರಿ ಬಿತ್ತು. ಆ ಪ್ರಾಮಾಣಿಕತೆಗೆ ಅವರಿಗೆ ಧನ್ಯವಾದ ಹೇಳಲೇಬೇಕು.

ದೋಷಗಳೂ ಇವೆ. ಅಲ್ಯೂಮಿನಿಯಂ ಚೌಕಟ್ಟಿನ ಒಂದು ಮೂಲೆ ಏಳನೆಯ ತಿಂಗಳಿಗೆ ಸಡಿಲವಾಯಿತು, ಫೆವಿಕ್ವಿಕ್ ಹಾಕಿ ಕೂರಿಸಿದೆವು. ಪಟ್ಟಿಗಳ ಮ್ಯಾಗ್ನೆಟ್ ಗಟ್ಟಿಯಾಗಿದೆ, ಆದರೆ ಅದರ ಮೇಲಿನ ಬಣ್ಣದ ಹಾಳೆಯ ಅಂಟು ಏಪ್ರಿಲ್ ಬಿಸಿಲಿಗೆ ಬಿಡುತ್ತಿದೆ. ಕಿಟಕಿಯ ಎದುರಿನ ಗೋಡೆಗೆ ಹಲಗೆ ಹಾಕಬೇಡಿ. ವಾರಕ್ಕಿಂತ ಹೆಚ್ಚು ದಿನ ಅಳಿಸದೆ ಬಿಟ್ಟ ಬರಹ ನೆರಳಿನಂತೆ ಉಳಿಯುತ್ತದೆ. ಅದರ ಮೇಲೆ ಹೊಸ ಮಾರ್ಕರಿನಿಂದ ತಿದ್ದಿ ಕೂಡಲೇ ಒರೆಸಿದರೆ ಹಳೆಯ ಕಲೆಯೂ ಹೋಗುತ್ತದೆ, ಆಗದಿದ್ದರೆ ಸ್ಯಾನಿಟೈಸರ್ ಹಾಕಿ ಒರೆಸಬೇಕು. ಆದರೆ ಸ್ಯಾನಿಟೈಸರ್ ತಾಗಿದರೆ ಪರ್ಮನೆಂಟ್ ಗೆರೆಗಳೂ ಅಳಿಸುತ್ತವೆ. ಗೆರೆ ಎಳೆಯಲು ತೆಳುವಾದ ಬಣ್ಣದ ಟೇಪ್ ಬಳಸಿದ್ದರೆ ಒಳ್ಳೆಯದಿತ್ತು. 2 ಅಡಿ ಎತ್ತರದಲ್ಲಿ ಒಂದು ದಿನದ ಪಾಠ ಮಾತ್ರ ಹಿಡಿಯುವುದರಿಂದ ಪ್ರತಿ ರಾತ್ರಿ ಮರುದಿನದ ಪಟ್ಟಿ ಜೋಡಿಸಬೇಕು, ಅದಕ್ಕೆ ಹತ್ತು ನಿಮಿಷ ಬೇಕು. ವಾರವೆಲ್ಲ ಒಮ್ಮೆಗೇ ಕಾಣಬೇಕೆನ್ನುವವರು 4 ಅಡಿಗೆ 3 ಅಡಿಯದನ್ನೇ ಕೊಳ್ಳಲಿ.

ಒಂದು ಎಚ್ಚರಿಕೆಯನ್ನು ಮಾತ್ರ ಒತ್ತಿ ಹೇಳುತ್ತೇನೆ. ಹಲಗೆಯ ಜೊತೆ ಗುಂಡಿಯಂಥ ಆರು ಸಣ್ಣ ಮ್ಯಾಗ್ನೆಟ್‌ಗಳನ್ನು ಉಚಿತವಾಗಿ ಕೊಡುತ್ತಾರೆ. ಚಿಕ್ಕ ಮಕ್ಕಳಿರುವ ಮನೆಗೆ ಅವುಗಳನ್ನು ತರಲೇಬೇಡಿ. ಒಂದಕ್ಕಿಂತ ಹೆಚ್ಚು ಮ್ಯಾಗ್ನೆಟ್ ಮಗುವಿನ ಹೊಟ್ಟೆಗೆ ಹೋದರೆ ಅವು ಕರುಳಿನ ಮಡಿಕೆಗಳ ನಡುವೆ ಒಂದನ್ನೊಂದು ಸೆಳೆದು ಕರುಳಿಗೆ ತೂತು ಮಾಡಬಲ್ಲವು. ಮಗು ನುಂಗಿರಬಹುದೆಂಬ ಅನುಮಾನ ಬಂದರೂ ಕಾಯದೆ ಆಸ್ಪತ್ರೆಗೆ ಓಡಬೇಕು. ನಮ್ಮ ಕೂಸು ಒಂದನ್ನು ಬಾಯಿಗಿಟ್ಟುಕೊಂಡದ್ದನ್ನು ಹಿರಿಯವಳು ನೋಡಿದ್ದರಿಂದ ಬಚಾವಾದೆವು. ಅಂದೇ ಆರನ್ನೂ ಎಣಿಸಿ ಅಂಗಡಿಗೆ ಹಿಂತಿರುಗಿಸಿದೆ. ಪಟ್ಟಿಗಳನ್ನೂ ನಾಲ್ಕು ಬೆರಳಿಗಿಂತ ಗಿಡ್ಡ ಮಾಡಿಸಬೇಡಿ.

ಹಲಗೆ ದಾಖಲೆ ಇಡುವುದಿಲ್ಲ ಎಂಬುದೂ ನೆನಪಿರಲಿ. ಮುಂದೆ ಪರೀಕ್ಷೆಗೆ ಅಥವಾ ಶಾಲೆಗೆ ಸೇರಿಸುವಾಗ ಮಗು ಏನು ಕಲಿತಿದೆ ಎಂದು ತೋರಿಸಬೇಕಾದೀತು; ಆದ್ದರಿಂದ ಪ್ರತಿ ಸಂಜೆ ಮುಗಿದ ಸಾಲಿನ ಫೋಟೊ ತೆಗೆದು, ಶನಿವಾರ ಅದನ್ನು ಒಂದು ನೂರು ಪುಟದ ನೋಟ್‌ಬುಕ್ಕಿಗೆ ಇಳಿಸುತ್ತೇನೆ. ಒಂದೇ ಮಗುವಿರುವವರಿಗೆ ಆ ನೋಟ್‌ಬುಕ್ಕೇ ಸಾಕು, ಈ ಖರ್ಚು ಬೇಡ. ಇಬ್ಬರಿದ್ದರೆ ಯೋಚಿಸಿ ಕೊಳ್ಳಿ. ಮೂವರು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಐದಕ್ಕೆ ನಾಲ್ಕು ಅಂಕ ಕೊಟ್ಟು ಕೊಳ್ಳಿರೆಂದೇ ಹೇಳುತ್ತೇನೆ. ಪಟ್ಟಿ ಕೊಳ್ಳುವಾಗ ಕತ್ತರಿಸಿಟ್ಟ ಪಾಕೀಟು ಕೇಳದೆ, ಅಡಿಯ ಲೆಕ್ಕದಲ್ಲಿ ಉದ್ದನೆಯ ರೋಲಿನಿಂದ ಕೊಡಿರೆಂದು ಕೇಳಿ, ಮತ್ತು ಕೆಂಪನ್ನು ಹಸಿರಿನ ಅರ್ಧದಷ್ಟೇ ತನ್ನಿ.