ಆರು ತಿಂಗಳಲ್ಲಿ ‘ಲೈಸೆನ್ಸ್ಡ್ ಕೌನ್ಸೆಲರ್’ ಮಾಡ್ತೀವಿ ಅಂದರೆ ದುಡ್ಡು ಕಟ್ಟಬೇಡಿ

ಹನ್ನೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವಳು ನಾನು. ಮಕ್ಕಳು ಬಿಡುವಿನಲ್ಲಿ ಬಂದು ಮನೆಯ ಕಷ್ಟ ಹೇಳಿಕೊಂಡು ಅಳುತ್ತಿದ್ದರು. ಇವರಿಗೆ ಸರಿಯಾಗಿ ನೆರವಾಗಬೇಕಾದರೆ ನಾನೂ ಏನಾದರೂ ಕಲಿಯಬೇಕು ಅನ್ನಿಸಿತು. ಅದೇ ಹೊತ್ತಿಗೆ ಫೋನಿನಲ್ಲಿ ಒಂದು ಜಾಹೀರಾತು ಬಂತು. ಆರು ತಿಂಗಳ ಆನ್‌ಲೈನ್ ಕೋರ್ಸ್, ಸರ್ಕಾರದ ಮಾನ್ಯತೆ ಇದೆ, ಮುಗಿದ ಮೇಲೆ ನೀವು ‘ಲೈಸೆನ್ಸ್ಡ್ ಕೌನ್ಸೆಲರ್’. ಫೀಸು 58,000 ರೂಪಾಯಿ. ಚೀಟಿ ಎತ್ತಿ ಕಟ್ಟಿದೆ.

ಭಾನುವಾರ ಮೂರು ಗಂಟೆ ಕ್ಲಾಸು. ಅಭ್ಯಾಸ ಅಂದರೆ ನಮ್ಮಲ್ಲೇ ಒಬ್ಬರು ಕೌನ್ಸೆಲರ್, ಇನ್ನೊಬ್ಬರು ಕ್ಲೈಂಟ್. ನಿಜವಾಗಿ ಕಷ್ಟದಲ್ಲಿರುವ ಒಬ್ಬರನ್ನೂ ನಾನು ನೋಡಲಿಲ್ಲ. ಕೊನೆಗೆ ಹೊಳೆಯುವ ಸರ್ಟಿಫಿಕೇಟ್ ಬಂತು. ಕೆಲಸ ಬಿಟ್ಟು, ಒಂದು ರೂಮ್ ಬಾಡಿಗೆಗೆ ಹಿಡಿದು ಬೋರ್ಡ್ ಹಾಕಿದೆ.

ಮೂರನೇ ವಾರ ಕಾಲೇಜು ಓದುವ ಹುಡುಗಿಯೊಬ್ಬಳು ಬಂದಳು. ಸುಮಾರು ಹೊತ್ತು ಸುಮ್ಮನಿದ್ದು, “ಬದುಕೋದೇ ಬೇಡ ಅನ್ನಿಸ್ತಿದೆ ಮೇಡಂ” ಅಂದಳು. ನನ್ನ ಕೈಕಾಲು ತಣ್ಣಗಾಯಿತು. ಇನ್ನೇನು ಕೇಳಬೇಕು? ಒಬ್ಬಳನ್ನೇ ಕಳಿಸಬಹುದಾ? ಅವರಮ್ಮನಿಗೆ ಹೇಳಬೇಕಾ? ಆರು ತಿಂಗಳಲ್ಲಿ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. “ಒಳ್ಳೆಯದನ್ನೇ ಯೋಚನೆ ಮಾಡು, ಎಲ್ಲ ಸರಿಹೋಗುತ್ತೆ” ಅಂತ ಹೇಳಿ ಕಳಿಸಿಬಿಟ್ಟೆ. ಆ ಮಾತು ನೆನಪಾದರೆ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ರಾತ್ರಿ ನಿದ್ದೆ ಬರಲಿಲ್ಲ. ಕ್ಲಿನಿಕಲ್ ಸೈಕಾಲಜಿಯಲ್ಲಿ ಎಂ.ಫಿಲ್ ಮಾಡಿದ ಗೆಳತಿಗೆ ಬೆಳಗಾಗುತ್ತಲೇ ಫೋನ್ ಮಾಡಿದೆ. ಸಾಯೋ ಯೋಚನೆ ಇದೆಯಾ, ಅದಕ್ಕೆ ಏನಾದರೂ ತಯಾರಿ ಮಾಡಿಕೊಂಡಿದ್ದೀಯಾ ಅಂತ ನೇರವಾಗಿ ಕೇಳಬೇಕಿತ್ತು, ಹಾಗೆ ಕೇಳಿದರೆ ಆ ಯೋಚನೆ ಜಾಸ್ತಿ ಆಗಲ್ಲ ಅಂದಳು. ಅವತ್ತೇ ಆ ಹುಡುಗಿಯನ್ನೂ ಅವರಮ್ಮನನ್ನೂ ಜಿಲ್ಲಾಸ್ಪತ್ರೆಯ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದೆವು. ದೇವರ ದಯೆ, ಅವಳು ಈಗ ಚೆನ್ನಾಗಿದ್ದಾಳೆ.

ವಾಪಸ್ ಬರುವಾಗ ಗೆಳತಿ ನನ್ನ ಸರ್ಟಿಫಿಕೇಟ್ ನೋಡಿದಳು. ಅದರ ಮೇಲಿದ್ದ ‘ಸರ್ಕಾರಿ ನಂಬರ್’ ಉದ್ಯಮ್ ನೋಂದಣಿಯದು. ಆಧಾರ್, ಪ್ಯಾನ್ ಇದ್ದರೆ ಸಣ್ಣ ವ್ಯಾಪಾರ ಮಾಡುವ ಯಾರಿಗಾದರೂ ಪುಕ್ಕಟೆ ಸಿಗುತ್ತದೆ, ಹಿಟ್ಟಿನ ಗಿರಣಿಗೂ ಸಿಗುತ್ತದೆ. ಅದರ ಮೇಲಿದ್ದ ಐಎಸ್‌ಒ ಮುದ್ರೆ, ಅಂದರೆ ಗುಣಮಟ್ಟದ ಗುರುತು, ಅದೂ ಕೌನ್ಸೆಲಿಂಗ್ ಮಾಡುವ ಅನುಮತಿ ಅಲ್ಲ. ಇನ್ನು ‘ಲೈಸೆನ್ಸ್ಡ್’ ಅನ್ನುವ ಪದವನ್ನು ಅಮೆರಿಕದಿಂದ ಎತ್ತಿಕೊಂಡಿದ್ದಾರೆ. ಅಲ್ಲಿ ಮಾಸ್ಟರ್ಸ್ ಓದಿ, ಅನುಭವಸ್ಥರ ಕೈಕೆಳಗೆ ಸಾವಿರಾರು ಗಂಟೆ ಕೆಲಸ ಮಾಡಿದ ಮೇಲೆ ರಾಜ್ಯದ ಬೋರ್ಡ್ ಲೈಸೆನ್ಸ್ ಕೊಡುತ್ತದೆ.

ನಮ್ಮಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಬೇಕಾದರೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐನಲ್ಲಿ ಹೆಸರು ನೋಂದಾಯಿಸಬೇಕು. ಆ ಪರಿಷತ್ತಿಗೆ ಆಧಾರ 1992ರ ಕಾಯ್ದೆ. ನಿಮ್ಹಾನ್ಸ್‌ನಲ್ಲಿ ಗೆಳತಿ ಮಾಡಿದಂಥ ಎಂ.ಫಿಲ್‌ಗೆ ಎರಡು ವರ್ಷ ಪೂರ್ತಿ ರೋಗಿಗಳ ಜೊತೆಯಲ್ಲೇ ಕಲಿಯಬೇಕಿತ್ತು. ಕೌನ್ಸೆಲರ್‌ಗಳನ್ನೂ ಸೇರಿಸಿಕೊಂಡ ಕಾನೂನು ಬಂದಿದ್ದು 2021ರಲ್ಲಿ. ಹೆಲ್ತ್‌ಕೇರ್ ಪ್ರೊಫೆಷನಲ್ ಅನ್ನಿಸಿಕೊಳ್ಳುವ ಡಿಗ್ರಿಗೆ ಅದು ಇಟ್ಟಿರುವ ಕನಿಷ್ಠ ಲೆಕ್ಕ 3,600 ಗಂಟೆ. ನನ್ನದು ನೂರು ಗಂಟೆಯೂ ಆಗಿರಲಿಲ್ಲ. ಸೈಕಾಲಜಿ ಡಿಗ್ರಿಯನ್ನು ದೂರಶಿಕ್ಷಣದಲ್ಲಾಗಲಿ ಆನ್‌ಲೈನಲ್ಲಾಗಲಿ ಕೊಡಬಾರದು ಅಂತ ವಿಶ್ವವಿದ್ಯಾಲಯಗಳನ್ನು ನೋಡಿಕೊಳ್ಳುವ ಯುಜಿಸಿ 2025ರಲ್ಲಿ ಹೇಳಿದೆ. ಹಾಗಾಗಿ ಮನೆಯಲ್ಲೇ ಕೂತು ಎಂ.ಎ. ಮಾಡಿಸ್ತೀವಿ ಅನ್ನುವವರ ಹತ್ತಿರವೂ ಹುಷಾರಾಗಿರಿ.

ಫೀಸು ವಾಪಸ್ ಕೇಳಿದ್ದಕ್ಕೆ ನನ್ನ ನಂಬರನ್ನೇ ಬ್ಲಾಕ್ ಮಾಡಿದರು. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟು ಕಾಯುತ್ತಿದ್ದೇನೆ.

ನೀವು ಸೇರುವ ಮುಂಚೆ ಒಂದೇ ಪ್ರಶ್ನೆ ಕೇಳಿ: ಕೋರ್ಸ್ ಮುಗಿದ ಮೇಲೆ ನನ್ನ ಹೆಸರು ಯಾವ ಕಾನೂನಿನ ಯಾವ ರಿಜಿಸ್ಟರಿಗೆ ಸೇರುತ್ತದೆ? ಉತ್ತರವನ್ನು ಬರಹದಲ್ಲಿ ಕೊಡಲಿ. ಆರ್‌ಸಿಐ ಅಂದರೆ ಅವರು ಕಳಿಸಿದ ಲಿಂಕ್ ಒತ್ತಬೇಡಿ. ಪರಿಷತ್ತಿನ ವೆಬ್‌ಸೈಟಿಗೆ ನೀವೇ ಹೋಗಿ, ಕಾಲೇಜಿನ ಹೆಸರಿನ ಜೊತೆ ಆ ಕೋರ್ಸಿನ ಹೆಸರೂ ಪಟ್ಟಿಯಲ್ಲಿದೆಯಾ ನೋಡಿ. ನಿಜವಾದ ಕ್ಲೈಂಟ್‌ಗಳ ಜೊತೆ ಎಷ್ಟು ಗಂಟೆ, ಪಕ್ಕದಲ್ಲಿ ತಿದ್ದುವವರು ಯಾರು ಅನ್ನುವುದನ್ನೂ ಕೇಳಿ.

ನನ್ನ ಬೋರ್ಡ್ ಇಳಿಸಿದ್ದೇನೆ. ಆದರೂ ಆಗಾಗ ಯಾರಾದರೂ ಫೋನ್ ಮಾಡುತ್ತಾರೆ. ನಾನು ಕೌನ್ಸೆಲರ್ ಅಲ್ಲ ಅಂತ ಮೊದಲೇ ಹೇಳಿ, ಜಿಲ್ಲಾಸ್ಪತ್ರೆಗೆ ಹೋಗಲು ಹೇಳುತ್ತೇನೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರ್ ಕೊಡುತ್ತೇನೆ. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ, ನಡುರಾತ್ರಿಯಲ್ಲೂ ಮಾಡಬಹುದು.